ಹುದ್ದೆ ತೊರೆದ ನ್ಯಾಯಮೂರ್ತಿ ಮತ್ತು ಪದಚ್ಯುತಿ: ಸಂವಿಧಾನದ 124(4)ನೇ ವಿಧಿಯ ಮಿತಿ

ಹೈಕೋರ್ಟ್ ನ್ಯಾಯಮೂರ್ತಿಯ ಪದಚ್ಯುತಿಗೆ ಸಂವಿಧಾನದ 217ನೇ ವಿಧಿಯು 124(4)ರ ಕ್ರಮವನ್ನೇ ಅನ್ವಯಿಸುತ್ತದೆ. ದುರ್ವರ್ತನೆ ಅಥವಾ ಅಸಾಮರ್ಥ್ಯ ಸಾಬೀತಾಗಬೇಕು. ಪ್ರತಿ ಸದನದಲ್ಲೂ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಆಮೇಲೆ ರಾಷ್ಟ್ರಪತಿಯ ಆದೇಶ. ಈ ವಿಧಿ ಕೊಡುವ ಫಲ ಒಂದೇ, ಹುದ್ದೆಯಿಂದ ತೆಗೆಯುವುದು. ಮುಂದಿನ ಹುದ್ದೆಗಳಿಗೆ ಅನರ್ಹಗೊಳಿಸುವ ಮಾತು ಅಲ್ಲಿಲ್ಲ. ನಡುವೆಯೇ ರಾಜೀನಾಮೆ ಬಂದರೆ ಏನು ಮಾಡಬೇಕೆಂದು 1968ರ ನ್ಯಾಯಾಧೀಶರ (ವಿಚಾರಣೆ) ಕಾಯ್ದೆಯೂ ಹೇಳುವುದಿಲ್ಲ.

ಈ ಮೌನದ ಪರಿಣಾಮ ಕರ್ನಾಟಕಕ್ಕೆ ನೇರವಾಗಿ ತಟ್ಟಿದೆ. ಪಿ. ಡಿ. ದಿನಕರನ್ 2008ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ತಮಿಳುನಾಡಿನ ಕಾವೇರಿರಾಜಪುರಂನಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿದ ಆರೋಪ ಅವರ ಮೇಲೆ ಬಂತು. ಅವರು ಅದನ್ನು ಅಲ್ಲಗಳೆದರು. 75 ಸದಸ್ಯರ ಸಹಿಯಿದ್ದ ಪದಚ್ಯುತಿ ನೋಟಿಸನ್ನು ರಾಜ್ಯಸಭೆಯ ಸಭಾಪತಿ ಹಮೀದ್ ಅನ್ಸಾರಿ 2009ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದರು. ಮುಖ್ಯ ನ್ಯಾಯಮೂರ್ತಿ ಪ್ರಕರಣಗಳ ವಿಚಾರಣೆಯಿಂದ ದೂರ ಉಳಿದು ಆಡಳಿತದ ಕೆಲಸವನ್ನಷ್ಟೇ ನೋಡಿಕೊಂಡರು. ಇಡೀ ರಾಜ್ಯದ ನ್ಯಾಯಾಂಗಕ್ಕೆ ಅದು ಕಷ್ಟದ ಕಾಲ. 2010ರಲ್ಲಿ ಅವರಿಗೆ ಸಿಕ್ಕಿಂಗೆ ವರ್ಗವಾಯಿತು. 2011ರ ಮಾರ್ಚ್‌ನಲ್ಲಿ ವಿಚಾರಣಾ ಸಮಿತಿ 16 ಆರೋಪಗಳನ್ನು ರೂಪಿಸಿತು. ಜುಲೈ 29ರಂದು ಅವರು ರಾಜೀನಾಮೆ ಕೊಟ್ಟರು. ವಿಚಾರಣೆ ಅಲ್ಲಿಗೇ ನಿಂತಿತು. ಆರೋಪ ನಿಜವೋ ಸುಳ್ಳೋ ಎಂಬುದು ಸಮಿತಿಯಿಂದ ತೀರ್ಮಾನವಾಗಲೇ ಇಲ್ಲ.

ಕೋಲ್ಕತ್ತ ಹೈಕೋರ್ಟಿನ ಸೌಮಿತ್ರ ಸೇನ್ ಪ್ರಕರಣ ಇನ್ನೂ ಮುಂದೆ ಹೋಗಿತ್ತು. ರಾಜ್ಯಸಭೆ 2011ರ ಆಗಸ್ಟ್ 18ರಂದು 189–17 ಮತಗಳಿಂದ ನಿರ್ಣಯ ಅಂಗೀಕರಿಸಿತು; ಲೋಕಸಭೆಯ ಸರದಿ ಬರುವ ಮೊದಲೇ ಅವರು ರಾಜೀನಾಮೆ ನೀಡಿದರು.

ಅಮೆರಿಕದ ಸಂವಿಧಾನ ಪದಚ್ಯುತಿಯ ಜೊತೆಗೆ ಅನರ್ಹತೆಯನ್ನೂ ಹೆಸರಿಸುತ್ತದೆ. ಹಾಗಾಗಿಯೇ 1876ರಲ್ಲಿ ರಾಜೀನಾಮೆ ಕೊಟ್ಟಿದ್ದ ಯುದ್ಧ ಕಾರ್ಯದರ್ಶಿ ಬೆಲ್ಕ್‌ನ್ಯಾಪ್‌ರನ್ನೂ, 2021ರಲ್ಲಿ ಅಧಿಕಾರಾವಧಿ ಮುಗಿಸಿದ್ದ ಟ್ರಂಪ್‌ರನ್ನೂ ವಿಚಾರಿಸುವ ಅಧಿಕಾರ ತನಗಿದೆ ಎಂದು ಸೆನೆಟ್ ಮತ ಹಾಕಿತು. ಇಬ್ಬರೂ ಕೊನೆಗೆ ಖುಲಾಸೆಯಾದರು. ಬ್ರಿಟನ್ನಿನಲ್ಲಿ ವಾರನ್ ಹೇಸ್ಟಿಂಗ್ಸ್ ವಾಗ್ದಂಡನೆಗೆ ಗುರಿಯಾದದ್ದೂ ಹುದ್ದೆ ಬಿಟ್ಟು ಬಂದ ಮೇಲೆಯೇ. ಈ ನಿದರ್ಶನಗಳನ್ನು ಭಾರತಕ್ಕೆ ಹಾಗೆಯೇ ಅನ್ವಯಿಸಲಾಗದು. ತೆಗೆಯಲು ಹುದ್ದೆಯೇ ಉಳಿಯದಿದ್ದಾಗ 124(4)ರ ಅಡಿ ಸದನ ಮಾಡಬಹುದಾದದ್ದು ಏನೂ ಇಲ್ಲ.

ಆದರೆ ತನಿಖೆ ಬೇರೆ, ಪದಚ್ಯುತಿ ಬೇರೆ. ದುರ್ವರ್ತನೆಯ ತನಿಖೆ ಮತ್ತು ರುಜುವಾತಿಗೆ ಕಾನೂನು ಮಾಡುವ ಅಧಿಕಾರವನ್ನು 124(5) ಸಂಸತ್ತಿಗೆ ಕೊಟ್ಟಿದೆ. ಶುರುವಾದ ವಿಚಾರಣೆ ವರದಿಯ ತನಕ ಸಾಗಲೇಬೇಕೆಂದು 1968ರ ಕಾಯ್ದೆಗೆ ಒಂದು ತಿದ್ದುಪಡಿ ತರುವುದು ಅಗತ್ಯ. ಅನರ್ಹತೆ ಹೇರಬೇಕಾದರೆ ಮಾತ್ರ ಸಂವಿಧಾನವನ್ನೇ ತಿದ್ದಬೇಕಾದೀತು. ನೆರೆಯ ಮಹಾರಾಷ್ಟ್ರದ 1958ರ ಗ್ರಾಮ ಪಂಚಾಯತಿ ಕಾಯ್ದೆಯ 39ನೇ ಕಲಮು ರಾಜೀನಾಮೆ ಕೊಟ್ಟ ಸರಪಂಚನನ್ನೂ ದುರ್ವರ್ತನೆಗಾಗಿ ಅನರ್ಹಗೊಳಿಸಲು ಅವಕಾಶ ಕೊಡುತ್ತದೆ. ಊರಿನ ಸರಪಂಚನಿಗೆ ಇರುವ ಹೊಣೆ ಮುಖ್ಯ ನ್ಯಾಯಮೂರ್ತಿಗೆ ಇಲ್ಲದಿರುವುದು ಸಮರ್ಥನೀಯವಲ್ಲ.

ಸಾಮಾನ್ಯ ಕ್ರಿಮಿನಲ್ ಕಾನೂನಿನ ದಾರಿ ಮಾತ್ರ ತೆರೆದೇ ಇದೆ. ನ್ಯಾಯಮೂರ್ತಿಗಳಿಗೂ ಭ್ರಷ್ಟಾಚಾರ ತಡೆ ಕಾಯ್ದೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1991ರ ಕೆ. ವೀರಾಸ್ವಾಮಿ ತೀರ್ಪಿನಲ್ಲಿ ಹೇಳಿದೆ. ಅಪರಾಧದ ಮಟ್ಟಕ್ಕೆ ಏರದ ದುರ್ವರ್ತನೆಗೆ ಆ ದಾರಿಯೂ ಒದಗುವುದಿಲ್ಲ.