ಸೋಲು ಯಾರ ಲೆಕ್ಕಕ್ಕೆ?

ಕೊಲ್ಕತ್ತದ ಬಿಬಿಡಿ ಬಾಗ್‌ನಲ್ಲಿ ಲಾಲ್ ದಿಘಿಯ ದಂಡೆಗೆ ಬಂದು ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಪ್ರಧಾನ ಅಂಚೆ ಕಚೇರಿಯ ಬಿಳಿಯ ಗುಮ್ಮಟ ಕಾಣುತ್ತದೆ. 1868ರ ಈ ಕಟ್ಟಡ ಎದ್ದಿರುವುದು ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಫೋರ್ಟ್ ವಿಲಿಯಂ ಕೋಟೆಯ ನೆಲದ ಮೇಲೆ. ಮೆಟ್ಟಿಲುಗಳಲ್ಲಿ ಹುದುಗಿಸಿದ ಹಿತ್ತಾಳೆಯ ಗೆರೆ ಆ ಕೋಟೆಯ ಅಂಚನ್ನು ಇಂದಿಗೂ ತೋರಿಸುತ್ತದೆ. 1756ರ ಜೂನ್ 20ರಂದು ಕೋಟೆ ನವಾಬ ಸಿರಾಜುದ್ದೌಲನ ವಶವಾಯಿತು. ಆ ಸೋಲನ್ನು ಯಾರ ಹೆಸರಿಗೆ ಬರೆಯಬೇಕೆಂಬ ಜಗಳ ಅಂದೇ ಹುಟ್ಟಿತು.

ಇಂಥ ಜಗಳವನ್ನು ತೀರಿಸಲು ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಒಂದು ನಿಯಮವೇ ಇದೆ. ಅಲ್ಲಿ ತಂಡ ಸೋತಾಗ ಚೆಂಡೆಸೆಯುವವರಲ್ಲಿ, ಅಂದರೆ ಪಿಚರ್‌ಗಳಲ್ಲಿ, ಒಬ್ಬನ ಹೆಸರಿಗೆ ಸೋಲನ್ನು ಬರೆಯುತ್ತಾರೆ. ಎದುರಾಳಿಗೆ ಕೊನೆಯವರೆಗೂ ಕೈತಪ್ಪದ ಮುನ್ನಡೆ ತಂದುಕೊಟ್ಟ ಓಟಕ್ಕೆ ಯಾರು ಹೊಣೆಯೋ ಅವನೇ ಸೋತವನು. ಹೊಣೆಯನ್ನು ಗೊತ್ತುಮಾಡುವ ಬಗೆ ಸ್ವಾರಸ್ಯಕರ. ಮೊದಲ ಪಿಚರ್ ಎದುರಾಳಿಯ ಆಟಗಾರನನ್ನು ಬೇಸ್ ಮುಟ್ಟಲು ಬಿಟ್ಟು ಹೊರನಡೆದನೆನ್ನೋಣ. ಬದಲಿಗೆ ಬಂದವನ ಎಸೆತಕ್ಕೆ ಹೊಡೆತ ಬಿದ್ದು ಆ ಆಟಗಾರ ಮನೆ ಸೇರಿದರೂ ಓಟ ಮೊದಲಿನವನ ಲೆಕ್ಕಕ್ಕೇ ಹೋಗುತ್ತದೆ. ಮುಂದೆ ತಂಡ ಸಮಬಲ ಸಾಧಿಸಿದರೆ ಮಾತ್ರ ಅವನಿಗೆ ಬಿಡುಗಡೆ.

ಈ ಅಳತೆಗೋಲನ್ನು ಹಿಡಿದು ಲಾಲ್ ದಿಘಿಯ ಕಡೆ ನೋಡೋಣ. ಗವರ್ನರ್ ರೋಜರ್ ಡ್ರೇಕ್ ನವಾಬನ ಅಪ್ಪಣೆಯಿಲ್ಲದೆ ಕಾವಲು ಕಟ್ಟಡಗಳನ್ನು ಬಲಪಡಿಸಿದ; ನವಾಬನಿಗೆ ಬೇಕಾಗಿದ್ದ ಕೃಷ್ಣದಾಸನಿಗೆ ಆಶ್ರಯ ಕೊಟ್ಟ ಕಲ್ಕತ್ತೆಯಿಂದ ನವಾಬನ ದೂತನನ್ನು ಅವಮಾನಿಸಿ ಹೊರಗಟ್ಟಲಾಯಿತು. ಕೋಟೆಯೋ, ಸುತ್ತಲ ಮನೆಗಳ ಮಾಳಿಗೆಯಿಂದ ಗುಂಡು ಹಾರಿಸಿದರೆ ಒಳಗೆ ಬೀಳುವಂತಿತ್ತು. ಜೂನ್ 18ರಂದು ಹೊರಗಿನ ತೋಪುನೆಲೆಗಳು ಕೈಬಿಟ್ಟವು. ಮರುದಿನ ಡ್ರೇಕ್ ಮತ್ತು ಸೇನಾಧಿಕಾರಿ ಮಿಂಚಿನ್ ಹೂಗ್ಲಿಯಲ್ಲಿದ್ದ ಹಡಗುಗಳನ್ನು ಸೇರಿಕೊಂಡರು. ಉಳಿದವರು ಜಾನ್ ಹಾಲ್ವೆಲ್‌ನನ್ನು ನಾಯಕನನ್ನಾಗಿ ಆರಿಸಿದರು. ಅವರನ್ನು ಕರೆದೊಯ್ಯಬಹುದಾಗಿದ್ದ ಹಡಗು ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ಶರಣಾದ ಕೈ ಹಾಲ್ವೆಲ್‌ನದು. ಆದರೆ ಬೇಸ್‌ಗಳನ್ನೆಲ್ಲ ತುಂಬಿಸಿ ಹೊರಟವನು ಡ್ರೇಕ್. ಬೇಸ್‌ಬಾಲಿನ ಲೆಕ್ಕಬರೆಯುವವನು ಕ್ಷಣವೂ ತಡವರಿಸುತ್ತಿರಲಿಲ್ಲ.

ಇತಿಹಾಸ ಹಾಗೆ ಬರೆಯಲಿಲ್ಲ. ಅಂದು ರಾತ್ರಿ ಸೆರೆಯಾದವರನ್ನು ಕೋಟೆಯದೇ ಆದ ಪುಟ್ಟ ಬಂದೀಖಾನೆಯಲ್ಲಿ ಕೂಡಲಾಯಿತು. 146 ಮಂದಿಯಲ್ಲಿ 23 ಮಂದಿ ಮಾತ್ರ ಬದುಕಿದರೆಂದು ಹಾಲ್ವೆಲ್ ಬರೆದ. ಆ ಸಂಖ್ಯೆಯನ್ನು ಮುಂದೆ ಇತಿಹಾಸಕಾರರು ಪ್ರಶ್ನಿಸಿದರು. ಒಳಗಿದ್ದವರು 64ರಷ್ಟು ಎಂಬುದು ಬ್ರಿಜೇನ್ ಗುಪ್ತರ ಅಂದಾಜು. ಸಾವುಗಳು ಸಂಭವಿಸಿದ್ದು ನಿಜ. ಆದರೆ ಈ ಕಥನ ಬೆಳೆದಂತೆ ಕೋಟೆ ಏಕೆ ಬಿತ್ತು ಎಂಬ ಪ್ರಶ್ನೆ ಮರೆಯಾಗಿ, ನವಾಬ ಎಷ್ಟು ಕ್ರೂರಿ ಎಂಬುದೇ ಮುಂದೆ ಬಂತು. ಸೋತವರ ಲೆಕ್ಕದ ಪುಸ್ತಕದಲ್ಲಿ ಗೆದ್ದವನ ಹೆಸರು ಅಪರಾಧಿಯ ಅಂಕಣಕ್ಕೆ ಸೇರಿತು.

ಹಾಲ್ವೆಲ್ ಕಟ್ಟಿಸಿದ್ದ ಸ್ಮಾರಕವನ್ನು 1821ರಲ್ಲಿ ಕೆಡವಲಾಯಿತು. 1902ರಲ್ಲಿ ಲಾರ್ಡ್ ಕರ್ಜನ್ ಅಮೃತಶಿಲೆಯಲ್ಲಿ ಮತ್ತೆ ನಿಲ್ಲಿಸಿದ. ಅದರ ತೆರವಿಗಾಗಿ ಮೆರವಣಿಗೆ ಹೊರಡಬೇಕಿದ್ದ ಸುಭಾಷ್‌ಚಂದ್ರ ಬೋಸರನ್ನು 1940ರ ಜುಲೈ 2ರಂದು ಬಂಧಿಸಲಾಯಿತು. ಸ್ಮಾರಕ ಅದೇ ವರ್ಷ ಸೇಂಟ್ ಜಾನ್ಸ್ ಚರ್ಚಿನ ಆವರಣಕ್ಕೆ ಸರಿಯಿತು. ಮುಂದೆ ಡಾಲ್‌ಹೌಸಿ ಚೌಕ, 1930ರಲ್ಲಿ ರೈಟರ್ಸ್ ಕಟ್ಟಡದೊಳಗೆ ನುಗ್ಗಿದ ಬಿನಯ್, ಬಾದಲ್, ದಿನೇಶರ ಹೆಸರನ್ನು ಪಡೆಯಿತು.

ಕನ್ನಡಿಗರಾದ ನಾವು ಇದನ್ನು ಹೊರಗಿನವರ ಕಥೆಯೆಂದು ಬಿಡುವಂತಿಲ್ಲ. ಪ್ಲಾಸಿಯ ಸೋಲನ್ನು ಬಂಗಾಳಿಗಳು ಮೀರ್ ಜಾಫರನ ಹೆಸರಿಗೆ ಬರೆದಂತೆ, 1799ರ ಮೇ 4ರ ಶ್ರೀರಂಗಪಟ್ಟಣದ ಪತನವನ್ನು ನಾವು ಮೀರ್ ಸಾದಿಕನ ಹೆಸರಿಗೆ ಬರೆದು ಕೈತೊಳೆದುಕೊಂಡಿದ್ದೇವೆ. ಆದರೆ 1792ರ ಒಪ್ಪಂದದಲ್ಲೇ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆರಬೇಕಾಗಿ ಬಂದು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಿದ್ದನು. ಮರಾಠರೂ ನಿಜಾಮನೂ ಆಗಲೇ ಕಂಪನಿಯ ಜೊತೆಗಿದ್ದರು. ಕೋಟೆಯ ಗೋಡೆ ಬಿರಿಯುವ ಏಳು ವರ್ಷ ಮೊದಲೇ ಬೇಸ್‌ಗಳು ತುಂಬಿದ್ದವು.

ದ್ರೋಹಿಯನ್ನು ದ್ರೋಹಿಯೆನ್ನಬಾರದೆಂದು ನಾವು ಹೇಳುತ್ತಿಲ್ಲ. ಬೇಸ್‌ಬಾಲೂ ಕೊನೆಗೆ ಒಂದೇ ಹೆಸರನ್ನು ಬರೆಯುತ್ತದೆ. ಅದು ಆ ಆಟದ ಮಿತಿ. ಆದರೆ ಹೆಸರು ಬರೆಯುವ ಮೊದಲು, ಕೊನೆಯ ಗಳಿಗೆಯಲ್ಲಿ ನಿಂತಿದ್ದವನಾರು ಎಂಬುದಕ್ಕಿಂತ, ಆ ಗಳಿಗೆಯನ್ನು ತಂದಿಟ್ಟು ಹೋದವನಾರು ಎಂದು ಅದು ಕೇಳುತ್ತದೆ. ಅಷ್ಟು ನ್ಯಾಯವನ್ನು ನಮ್ಮ ಇತಿಹಾಸಕ್ಕೂ ನಾವು ಸಲ್ಲಿಸಬಹುದು.