ಡೆಲಿಗೇಟ್: ಓಟು ಕಳೆದುಕೊಂಡ ಪದ

2020ರ ನವೆಂಬರ್ 3ರಂದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಜನ ಅಮೆರಿಕದ ಸಂಸತ್ತಿಗೆ ತಮ್ಮ ಡೆಲಿಗೇಟ್ ಒಬ್ಬರನ್ನು ಆರಿಸಲು ಮತಗಟ್ಟೆಗೆ ಹೋದರು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರಲಿಲ್ಲ. ಅಲ್ಲಿನ ಕಾನೂನಿಗೆ ಬರೀ ಮುನ್ನಡೆ ಸಾಲದು. ಹದಿನಾಲ್ಕು ದಿನ ಬಿಟ್ಟು, 17ರಂದು, ಮೊದಲಿಬ್ಬರ ನಡುವೆ ಮತ್ತೆ ಮತದಾನ ನಡೆದು ಮೈಕೆಲ್ ಸ್ಯಾನ್ ನಿಕೋಲಸ್ ಗೆದ್ದರು. ಇಷ್ಟು ಬಿಗಿಯಾಗಿ ಆರಿಸಿ ಕಳಿಸಿದ ಡೆಲಿಗೇಟ್ ವಾಷಿಂಗ್ಟನ್ನಿನ ಕೆಳಮನೆಯಲ್ಲಿ ಮಾತಾಡಬಹುದು, ಮಸೂದೆ ಮಂಡಿಸಬಹುದು, ಸಮಿತಿಗಳಲ್ಲಿ ಮತ ಹಾಕಬಹುದು. ಮಸೂದೆಯ ಹಣೆಬರಹ ತೀರ್ಮಾನವಾಗುವ ಕೊನೆಯ ಮತದಾನದಲ್ಲಿ ಮಾತ್ರ ಅವರಿಗೆ ಓಟಿಲ್ಲ.

ನಮ್ಮ ಕಡೆ ಇದೇ ಪದದ ಕೆಲಸ ತದ್ವಿರುದ್ಧ. ಡಿಸಿಸಿ ಬ್ಯಾಂಕಿನ ಚುನಾವಣೆ ಬಂತೆಂದರೆ ಊರಿನ ಸೊಸೈಟಿ ಠರಾವು ಮಾಡಿ ಒಬ್ಬರನ್ನು ಡೆಲಿಗೇಟ್ ಮಾಡುತ್ತದೆ. ಅವರು ಹೋಗುವುದೇ ಸಂಘದ ಪರವಾಗಿ ಓಟು ಹಾಕಲು.

ಪದದ ಹಳೆಯ ಜೀವ ನಮ್ಮ ಸೊಸೈಟಿಯ ಬಳಕೆಗೇ ಹತ್ತಿರ. ಲ್ಯಾಟಿನ್ನಿನ 'ಲೆಗಾರೆ' ಎಂದರೆ ಕೆಲಸ ಒಪ್ಪಿಸಿ ಕಳಿಸುವುದು. ರೋಮಿನ ದೂತ 'ಲೆಗಾಟುಸ್'. ಮಧ್ಯಯುಗದಲ್ಲಿ ಪೋಪನ ಬದಲಿಗೆ ವ್ಯಾಜ್ಯ ತೀರ್ಮಾನಿಸುತ್ತಿದ್ದ ನ್ಯಾಯಾಧೀಶರೂ ಡೆಲಿಗೇಟರೇ. ಕಳಿಸಿದವರ ಅಧಿಕಾರ ಹೋದವರ ಜೊತೆಗೇ ಹೋಗುತ್ತಿತ್ತು. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರೂ ಡೆಲಿಗೇಟರು.

ಪದದ ಬಲ ಕುಂದಿದ್ದು 1787ರಲ್ಲಿ ಎಂದು ನನ್ನ ಎಣಿಕೆ. ಜುಲೈನಲ್ಲಿ ಅಮೆರಿಕದ, ಇನ್ನೂ ರಾಜ್ಯವಾಗಿರದ ವಾಯವ್ಯ ಪ್ರದೇಶದ ಆಡಳಿತಕ್ಕೆ ಕಾನೂನಾಯಿತು: ಅಲ್ಲಿಂದ ಬರುವ ಡೆಲಿಗೇಟಿಗೆ ಚರ್ಚಿಸುವ ಹಕ್ಕುಂಟು, ಮತ ಹಾಕುವ ಹಕ್ಕಿಲ್ಲ. ಸೆಪ್ಟೆಂಬರಿನಲ್ಲಿ ಸಂವಿಧಾನದ ಕರಡು ಸಿದ್ಧವಾಯಿತು; ಅದರಲ್ಲಿ ಮತವುಳ್ಳ ಸದಸ್ಯರಿಗೆ 'ರೆಪ್ರೆಸೆಂಟೇಟಿವ್' ಎಂಬ ಹೆಸರು. ಹಳೆಯ ಹೆಸರು ಹೊರಗುಳಿದವರ ಪಾಲಿಗೆ ಬಂತು.

ಆಗ ಅದು ತಾತ್ಕಾಲಿಕ ಏರ್ಪಾಡು. ಸ್ವತಂತ್ರ ನಿವಾಸಿಗಳ ಸಂಖ್ಯೆ 60,000 ಮುಟ್ಟಿದರೆ ಆ ಪ್ರದೇಶ ರಾಜ್ಯವಾಗಬಹುದಿತ್ತು. ಮೊದಲ ಡೆಲಿಗೇಟ್ ಜೇಮ್ಸ್ ವೈಟ್ 1794ರಲ್ಲಿ ಬಂದರು. ಎರಡೇ ವರ್ಷಕ್ಕೆ ಅವರ ಪ್ರದೇಶ ಟೆನ್ನೆಸೀ ರಾಜ್ಯವಾಯಿತು. ಹವಾಯಿಯ ಡೆಲಿಗೇಟ್, ರಾಜಮನೆತನದ ಕುಹಿಯೊ, 1919ರಲ್ಲಿ ರಾಜ್ಯದ ಸ್ಥಾನಮಾನ ಕೇಳಿ ಮಸೂದೆ ತಂದರು. ಅದು ಕೈಗೂಡಿದ್ದು 1959ರಲ್ಲಿ, ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಗುವಾಮ್ 1898ರಲ್ಲಿ ಸ್ಪೇನಿನಿಂದ ಅಮೆರಿಕದ ಕೈಗೆ ಬಂತು. ಪೌರತ್ವ ಸಿಕ್ಕಿದ್ದು 1950ರಲ್ಲಿ, ಡೆಲಿಗೇಟ್ ಸ್ಥಾನಕ್ಕೆ ಕಾನೂನಾದದ್ದು 1972ರಲ್ಲಿ. 1993ರಲ್ಲಿ ಕೆಳಮನೆ ಒಂದು ನಿಯಮ ಮಾಡಿತು: ಇಡೀ ಸಭೆ ಸಮಿತಿಯಾಗಿ ಕೂತು ತಿದ್ದುಪಡಿಗಳನ್ನು ನೋಡುವಾಗ ಡೆಲಿಗೇಟರೂ ಮತ ಹಾಕಬಹುದು, ಆದರೆ ಅವರ ಮತದಿಂದಲೇ ಫಲಿತಾಂಶ ತಿರುಗಿದರೆ, ಅವರನ್ನು ಬಿಟ್ಟು ಮತ್ತೊಮ್ಮೆ ಮತಕ್ಕೆ ಹಾಕಬೇಕು. ಅಷ್ಟನ್ನೂ 1995ರಲ್ಲಿ ಕಿತ್ತುಕೊಂಡರು. 2020ರ ಜನಗಣತಿಯಂತೆ ಗುವಾಮಿನಲ್ಲಿ 1,53,836 ಜನರಿದ್ದಾರೆ. 1787ರ ಲೆಕ್ಕದ ಎರಡು ಪಟ್ಟು ದಾಟಿದ ಈ ಜನರಿಗೆ ಓಟಿಲ್ಲದ ಡೆಲಿಗೇಟ್ ಸಾಕು ಎನ್ನುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ.