ಶಿವಮೊಗ್ಗ ಜಿಲ್ಲೆ: ವೈದ್ಯಕೀಯ ಶಿಕ್ಷಣದ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯು ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ, ಇಲ್ಲಿನ ವೈದ್ಯಕೀಯ ಶಿಕ್ಷಣದ ಇತಿಹಾಸವನ್ನು ಮೈಸೂರು ವೈದ್ಯಕೀಯ ಕಾಲೇಜಿನಿಂದಲೇ ಆರಂಭಿಸಬೇಕಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1924ರಲ್ಲಿ, ಸದರಿ ಕಾಲೇಜನ್ನು ಬೆಂಗಳೂರಿನಲ್ಲಿ ಸ್ಥಾಪಿಸಲಾಯಿತು. ಅದಕ್ಕೂ ಮುನ್ನ ಸಂಸ್ಥಾನದಲ್ಲಿ ವೈದ್ಯಕೀಯ ಪದವಿ ಶಿಕ್ಷಣವಿರಲಿಲ್ಲ. ಪದವಿ ಬಯಸಿದವರು ಮದ್ರಾಸ್ ಮೊದಲಾದ ಹೊರಗಿನ ನಗರಗಳಿಗೆ ತೆರಳಬೇಕಾಗಿತ್ತು. 1930ರಲ್ಲಿ ಕಾಲೇಜನ್ನು ಮೈಸೂರಿಗೆ ಸ್ಥಳಾಂತರಿಸಲಾಯಿತು. ಅಲ್ಲಿನ ಕೆ.ಆರ್. ಆಸ್ಪತ್ರೆಯು ಇದರ ಬೋಧನಾ ಆಸ್ಪತ್ರೆಯಾಗಿರುತ್ತದೆ.

ಕಾಲೇಜಿಗೆ ಒಂದು ವರ್ಷ ಮೊದಲು, 1923ರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಉತ್ಪಾದನೆ ಆರಂಭಿಸಿತ್ತು. ಕಾರ್ಖಾನೆಯು ಮಲೆನಾಡಿನ ಅಂಚಿಗೆ ಬಂದರೂ, ಸರ್ಕಾರಿ ವೈದ್ಯಕೀಯ ಕಾಲೇಜು ಜಿಲ್ಲೆಗೆ ಬರಲು 8 ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಅಗತ್ಯವಿರಲಿಲ್ಲವೆಂದು ಹೇಳುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಗ್ರಾಮಸ್ಥರು ತೀವ್ರ ಜ್ವರಕ್ಕೆ ತುತ್ತಾದಾಗ ಹೊಸದೊಂದು ವೈರಾಣುವನ್ನು ಪತ್ತೆ ಮಾಡಲಾಯಿತು. ಉಣುಗುಗಳ ಕಡಿತದಿಂದ ಹರಡುವ ಈ ರೋಗವೇ ಮಂಗನ ಕಾಯಿಲೆ. ಜಗತ್ತಿನ ವೈದ್ಯಗ್ರಂಥಗಳಿಗೆ ಕ್ಯಾಸನೂರಿನ ಹೆಸರು ಸೇರಿದ ಅರ್ಧ ಶತಮಾನದ ನಂತರವಷ್ಟೇ ಜಿಲ್ಲೆಯಲ್ಲಿ ಎಂ.ಬಿ.ಬಿ.ಎಸ್. ತರಗತಿಗಳು ನಡೆದವು. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ತನ್ನ ಮೊದಲ ತಂಡವನ್ನು 2007ರಲ್ಲಿ ಸೇರಿಸಿಕೊಂಡಿತು. ನಗರದ ಸಾಗರ ರಸ್ತೆಯಲ್ಲಿರುವ ಈ ಸಂಸ್ಥೆಗೆ ಮೆಗ್ಗಾನ್ ಆಸ್ಪತ್ರೆಯೇ ಬೋಧನಾ ಆಸ್ಪತ್ರೆಯಾಗಿರುತ್ತದೆ. ಹೀಗಾಗಿ ಭದ್ರಾವತಿ ಮೊದಲಾದ ತಾಲ್ಲೂಕುಗಳ ರೋಗಿಗಳು ಹಿಂದಿನಿಂದಲೂ ಬರುತ್ತಿದ್ದ ಆಸ್ಪತ್ರೆಯಲ್ಲಿಯೇ ಬೋಧಕ ವೈದ್ಯರ ಸೇವೆಯೂ ದೊರೆಯುವಂತಾಯಿತು.

ಇಲ್ಲಿ ಒಂದು ಸ್ವಾರಸ್ಯಕರ ಸಂಗತಿಯನ್ನು ಗಮನಿಸಬಹುದು. ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜೇ ಇಲ್ಲದಿದ್ದ ಕಾಲದಲ್ಲಿಯೂ ಜಿಲ್ಲೆಯ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ವೈದ್ಯಕೀಯ ಪದವಿ ನೀಡಲಾಗುತ್ತಿತ್ತು. 1987ರಲ್ಲಿ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸಂಯೋಜನೆಗೊಂಡಿತ್ತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಬಳಿಕ ರಾಜ್ಯದ ವೈದ್ಯಕೀಯ ಕಾಲೇಜುಗಳ ಸಂಯೋಜನೆಯು ಅದರ ವ್ಯಾಪ್ತಿಗೆ ಬಂದಿತು.

ಈ ಬದಲಾವಣೆಗಳಿಂದಾಗಿ, ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಓದಿದವರ ಪದವಿ ಪ್ರಮಾಣಪತ್ರಗಳು ಬೇರೆ ಬೇರೆ ವಿಶ್ವವಿದ್ಯಾನಿಲಯಗಳ ಹೆಸರಿನಲ್ಲಿರುತ್ತವೆ. ಪದವಿ ಪ್ರಮಾಣಪತ್ರದ ದ್ವಿಪ್ರತಿ ಅಥವಾ ನೈಜತಾ ಪರಿಶೀಲನೆ ಬಯಸುವವರು, ತಾವು ಪದವಿ ಪಡೆದ ವರ್ಷದಲ್ಲಿ ಕಾಲೇಜು ಯಾವ ವಿಶ್ವವಿದ್ಯಾನಿಲಯದ ಅಧೀನದಲ್ಲಿತ್ತೆಂಬುದನ್ನು ಮೊದಲು ಖಚಿತಪಡಿಸಿಕೊಂಡು, ಸಂಬಂಧಪಟ್ಟ ವಿಶ್ವವಿದ್ಯಾನಿಲಯಕ್ಕೇ ಅರ್ಜಿ ಸಲ್ಲಿಸುವುದು.